ಬರ–ನೆರೆಗಳ ನಂತರದ ಬದುಕನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವುದು ಹೇಗೆ?

ಬೆಳೆ, ಗೊಬ್ಬರ, ಕೀಟಬಾಧೆಗಳ ವಿಚಾರ ಓದಲೆಂದು ಈ ಪತ್ರಿಕೆಯನ್ನು ಕೈಗೆತ್ತಿಕೊಂಡ ರೈತ ಬಾಂಧವರಿಗೆ ಛಾಯಾಚಿತ್ರದ ಪಾಠವೊಂದು ಎದುರಾದರೆ ಆಶ್ಚರ್ಯವಾಗಬಹುದು. ಆದರೆ ಇಂದು ಹೊಲಕ್ಕೆ ಹೊರಟ ರೈತನ ಕೈಯಲ್ಲಿ ಕುಡುಗೋಲು ಇಲ್ಲದಿದ್ದರೂ ಜೇಬಿನಲ್ಲಿ ಕ್ಯಾಮೆರಾ ಉಳ್ಳ ಮೊಬೈಲ್ ಫೋನು ಇರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ಮರುವರ್ಷದ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ದಂಡೆ ಮೀರಿ ಹರಿದಾಗ ಜನರೇ ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ನೀರು ಏರುತ್ತಿರುವ, ಗೋಡೆ ಕುಸಿಯುತ್ತಿರುವ, ದನ ಕೊಚ್ಚಿಹೋಗುತ್ತಿರುವ ಚಿತ್ರಗಳು. ನೀರು ಇಳಿದ ಮರುದಿನದಿಂದ ನಡೆದ ಕೆಲಸದ ಚಿತ್ರಗಳು, ಅಂದರೆ ಮನೆಯೊಳಗಿನ ರಾಡಿ ಬಳಿದದ್ದು, ನೆನೆದ ಜೋಳವನ್ನು ರಸ್ತೆಯ ಮೇಲೆ ಹರವಿದ್ದು, ನೆರೆಯವರಿಂದ ಬೀಜ ಕಡ ತಂದು ಮತ್ತೆ ಬಿತ್ತಿದ್ದು, ಹುಡುಕಿದರೂ ಸಿಗುವುದು ಕಡಿಮೆ.

ಈ ಲೇಖಕನ ಕಥೆಯೂ ಅದೇ. ಹಿಂದೊಮ್ಮೆ ನೆರೆಗೆ ಸಿಕ್ಕ ಹೊಲಗಳಲ್ಲಿ ತಿರುಗಾಡಿ ತೆಗೆದ ಚಿತ್ರಗಳ ಕಟ್ಟೊಂದು ನನ್ನಲ್ಲಿದೆ. ಈಗ ತೆಗೆದು ನೋಡಿದರೆ ಎಲ್ಲದರಲ್ಲೂ ಕೆಂಪು ನೀರು, ತಲೆ ಮಾತ್ರ ಕಾಣುವ ಕಬ್ಬು. ಯಾರ ಹೊಲ, ಯಾವ ದಿನ, ಮುಂದೆ ಆ ಹೊಲಕ್ಕೆ ಏನಾಯಿತು ಎಂಬುದು ಒಂದರ ಹಿಂದೆಯೂ ಬರೆದಿಲ್ಲ. ಯಾವ ಉಪಯೋಗಕ್ಕೂ ಬಾರದ ಕಟ್ಟು ಅದು.

ಈ ಕೆಲಸವನ್ನು ವ್ಯವಸ್ಥಿತವಾಗಿ, ಅದೂ ರೈತರ ನಡುವೆಯೇ, ಮಾಡಿದ ಉದಾಹರಣೆ ಒಂದು ಇದೆ. ಅದು ನಡೆದುದು ಅಮೆರಿಕದಲ್ಲಿ, 1930ರ ದಶಕದ ಧೂಳಿನ ಬರಗಾಲದ ಕಾಲಕ್ಕೆ. ಅದರಲ್ಲಿ ಆದ ಒಳಿತನ್ನೂ ತಪ್ಪನ್ನೂ ತಿಳಿದುಕೊಂಡರೆ ನಮ್ಮ ಕೈಯಲ್ಲಿರುವ ಸಾಧನವನ್ನು ಬಳಸುವ ಬಗೆ ತಾನಾಗಿ ಹೊಳೆಯುತ್ತದೆ.

ಮಣ್ಣು ಹಾರಿಹೋದ ಬಗೆ

ಓಕ್ಲಹೋಮಾ ಮತ್ತು ಟೆಕ್ಸಾಸ್ ರಾಜ್ಯಗಳ ಉತ್ತರ–ಪಶ್ಚಿಮ ತುದಿಗಳು, ಕಾನ್ಸಾಸ್‌ನ ಪಶ್ಚಿಮ ಭಾಗ, ಕೊಲರಾಡೋ ಮತ್ತು ನ್ಯೂ ಮೆಕ್ಸಿಕೋಗಳ ಪೂರ್ವದ ಅಂಚು ಇವು ಮೂಲತಃ ಹುಲ್ಲುಗಾವಲು ಪ್ರದೇಶ. ಮಳೆ ಕಡಿಮೆ, ಗಾಳಿ ಹೆಚ್ಚು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಒಳ್ಳೆಯ ಬೆಲೆ ಬಂದುದರಿಂದ ಅಲ್ಲಿನ ಹುಲ್ಲನ್ನು ಬೇರುಸಹಿತ ಉತ್ತು ಹೊಲ ಮಾಡಲಾಯಿತು. ಟ್ರ್ಯಾಕ್ಟರ್ ಮತ್ತು ತಟ್ಟೆ ನೇಗಿಲುಗಳು ಮೇಲ್ಮಣ್ಣನ್ನು ಪುಡಿಪುಡಿ ಮಾಡಿದವು. ಮುಂದೆ ಬೆಲೆ ಕುಸಿಯಿತು. 1930ರ ದಶಕದ ಮೊದಲ ವರ್ಷಗಳಿಂದಲೇ ಮಳೆ ಕೈಕೊಟ್ಟಿತು. ಹೊದಿಕೆಯೂ ಬೇರೂ ಇಲ್ಲದ ಒಣ ಮಣ್ಣು ಗಾಳಿಯ ಪಾಲಾಯಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಧೂಳಿನ ಗೋಡೆ ಹಗಲನ್ನೇ ರಾತ್ರಿ ಮಾಡಿತು. ಆ ದಿನವನ್ನು ಅಲ್ಲಿನ ಜನ ಇಂದಿಗೂ ಕಪ್ಪು ಭಾನುವಾರ ಎಂದೇ ಕರೆಯುತ್ತಾರೆ. ಅದಾದ 13 ದಿನಕ್ಕೆ ಆ ದೇಶದ ಮಣ್ಣು ಸಂರಕ್ಷಣಾ ಕಾಯಿದೆ ಜಾರಿಗೆ ಬಂತು. ಅದಕ್ಕಾಗಿ ವರ್ಷಗಟ್ಟಲೆ ವಾದಿಸಿದ ಹ್ಯೂ ಬೆನೆಟ್ ಅವರ ಹೆಸರು ಮಣ್ಣು ವಿಜ್ಞಾನ ಓದಿದವರಿಗೆಲ್ಲ ಪರಿಚಿತ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಈ ವಿಕೋಪ ಅರ್ಧ ಆಕಾಶದಿಂದ ಬಂದದ್ದು, ಅರ್ಧ ನೇಗಿಲಿನಿಂದ ಬಂದದ್ದು. ಬಿರಿದ ನೆಲದ ಒಂದು ಚಿತ್ರ ಈ ಎರಡರಲ್ಲಿ ಯಾವುದನ್ನೂ ಹೇಳಲಾರದು. ಚಿತ್ರದ ಜೊತೆಗೆ ಮಾತೂ ಬೇಕು.

ಹತ್ತಿ ತಿಳಿಯದವನು ಹತ್ತಿಯ ಚಿತ್ರ ತೆಗೆಯಲಾರ

ಸಂಕಷ್ಟದಲ್ಲಿದ್ದ ರೈತರ ಪುನರ್ವಸತಿಗೆಂದು 1935ರಲ್ಲಿ ಅಮೆರಿಕದ ಸರ್ಕಾರ ಒಂದು ಇಲಾಖೆಯನ್ನು ತೆರೆಯಿತು. 1937ರಲ್ಲಿ ಅದಕ್ಕೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂಬ ಹೆಸರಾಯಿತು. ಅದರ ಛಾಯಾಚಿತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ರಾಯ್ ಸ್ಟ್ರೈಕರ್. ಅವರು ಅರ್ಥಶಾಸ್ತ್ರದ ಅಧ್ಯಾಪಕರು, ಸ್ವತಃ ಛಾಯಾಗ್ರಾಹಕರಲ್ಲ. ಆ ವಿಭಾಗ ಸಂಗ್ರಹಿಸಿದ ಸುಮಾರು 1,75,000 ಕಪ್ಪು–ಬಿಳುಪು ನೆಗೆಟಿವ್‌ಗಳು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಸ್ಟ್ರೈಕರ್ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. ಕಾರ್ಲ್ ಮೈಡನ್ಸ್ ಎಂಬ ಛಾಯಾಗ್ರಾಹಕ ದಕ್ಷಿಣದ ಹತ್ತಿ ಸೀಮೆಗೆ ಹೊರಟಾಗ, ಹತ್ತಿಯ ಬಗ್ಗೆ ನಿನಗೇನು ಗೊತ್ತು ಎಂದು ಸ್ಟ್ರೈಕರ್ ಕೇಳಿದರು. ಹೆಚ್ಚೇನೂ ಗೊತ್ತಿಲ್ಲ ಎಂಬ ಉತ್ತರ ಬಂತು. ಪ್ರಯಾಣದ ಟಿಕೆಟ್ ರದ್ದಾಯಿತು. ಹತ್ತಿ ಬೆಳೆಯುವ ಕ್ರಮ, ಗೇಣಿ ಪದ್ಧತಿ, ಮಾರಾಟ, ಹತ್ತಿಯ ಇತಿಹಾಸ ಇವುಗಳನ್ನು ಕುರಿತು ಹಗಲೂ ರಾತ್ರಿಯೂ ಪಾಠ ನಡೆದ ನಂತರವೇ ಮೈಡನ್ಸ್ ರೈಲು ಹತ್ತಿದ್ದು. ಈ ಪ್ರಸಂಗವನ್ನು ರೈತರು ಬೇರೊಂದು ಕಡೆಯಿಂದ ನೋಡಬೇಕು. ಪಟ್ಟಣದಿಂದ ಬಂದವನಿಗೆ ಹೇಳಿಕೊಡಬೇಕಾದುದು ನಿಮಗೆ ಹುಟ್ಟಿನಿಂದ ತಿಳಿದಿದೆ. ತೊಗರಿ ನೀರಿನಲ್ಲಿ ಎಷ್ಟು ದಿನ ನಿಂತರೆ ಸಾಯುತ್ತದೆ, ಹೊಲಕ್ಕೆ ಬಂದು ಕೂತ ಮರಳು ಎಷ್ಟು ದಪ್ಪವಿದ್ದರೆ ಉತ್ತು ಬೆರೆಸಬಹುದು, ಎಷ್ಟಿದ್ದರೆ ಹೊತ್ತು ಹಾಕಲೇಬೇಕು ಎಂಬುದನ್ನು ಬಲ್ಲವನೇ ಯಾವುದರ ಚಿತ್ರ ಬೇಕು ಎಂಬುದನ್ನೂ ಬಲ್ಲ.

ಅಂತೆಯೇ ಸ್ಟ್ರೈಕರ್ ತಮ್ಮವರಿಗೆ ಯಾವ ಯಾವ ವಿಷಯದ ಚಿತ್ರ ಬೇಕೆಂದು ಪಟ್ಟಿ ಬರೆದು ಕಳಿಸುತ್ತಿದ್ದರು. ಸಂಜೆ ಮನೆಯಲ್ಲಿ ಜನ ಏನು ಮಾಡುತ್ತಾರೆ, ಅಂಗಡಿಯ ಮುಂದೆ ಯಾರು ಕೂರುತ್ತಾರೆ ಇಂತಹ ಸಾಮಾನ್ಯ ಸಂಗತಿಗಳೇ ಅದರಲ್ಲಿ ಹೆಚ್ಚು. ಅವರಲ್ಲಿ ದೋಷವಿಲ್ಲದೆ ಇರಲಿಲ್ಲ. ತಮಗೆ ಬೇಡವೆನಿಸಿದ ನೆಗೆಟಿವ್‌ಗಳಿಗೆ ಕೆಲವು ವರ್ಷ ಅವರು ರಂಧ್ರ ಹೊಡೆಸಿಬಿಟ್ಟರು. ಅಂದು ಕೆಲಸಕ್ಕೆ ಬಾರದೆಂದು ತೂತು ಮಾಡಿದ ಚಿತ್ರಗಳನ್ನು ಇಂದು ಸಂಶೋಧಕರು ಕಣ್ಣರಳಿಸಿ ನೋಡುತ್ತಿದ್ದಾರೆ.

ತಲೆಬುರುಡೆಯ ಪ್ರಕರಣ

1936ರ ಮೇ ತಿಂಗಳಿನಲ್ಲಿ ಆ ವಿಭಾಗದ ಇಪ್ಪತ್ತರ ಹರೆಯದ ಛಾಯಾಗ್ರಾಹಕ ಆರ್ಥರ್ ರಾತ್‌ಸ್ಟೀನ್ ದಕ್ಷಿಣ ಡಕೋಟಾ ರಾಜ್ಯದಲ್ಲಿದ್ದರು. ಬಿರಿದ ಚೌಳು ನೆಲದ ಮೇಲೆ ಬಿಸಿಲಿಗೆ ಬೆಳ್ಳಗಾದ ದನದ ತಲೆಬುರುಡೆಯೊಂದು ಅವರಿಗೆ ಕಂಡಿತು. ನೆರಳು–ಬೆಳಕಿನ ಅಭ್ಯಾಸಕ್ಕೆಂದು ಅದನ್ನು ಹಲವು ಕೋನಗಳಿಂದ ತೆಗೆದರು. ನಡುವೆ ಅದನ್ನು ಎತ್ತಿ ಸುಮಾರು ಹತ್ತು ಅಡಿ ಆಚೆ ಹುಲ್ಲಿನ ಪಕ್ಕ ಇಟ್ಟು ಅಲ್ಲಿಯೂ ತೆಗೆದರು. ಚಿತ್ರ ಪತ್ರಿಕೆಗಳಲ್ಲಿ ಬರದ ಗುರುತಾಗಿ ಪ್ರಕಟವಾಯಿತು. ಆ ಆಗಸ್ಟ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬರಪೀಡಿತ ಸೀಮೆಯ ಪ್ರವಾಸಕ್ಕೆ ರೈಲಿನಲ್ಲಿ ಬಂದಾಗ ಉತ್ತರ ಡಕೋಟಾದ ಪತ್ರಿಕೆಯೊಂದು ಬುರುಡೆಯ ಗುಟ್ಟು ಬಯಲು ಮಾಡಿತು. ಒಂದೇ ಬುರುಡೆ ಎರಡು ಜಾಗದಲ್ಲಿ ಹೇಗೆ ಬಂತು? ಅಂತಹ ಚೌಳು ನೆಲ ಒಳ್ಳೆಯ ಮಳೆಯ ವರ್ಷದಲ್ಲೂ ಬಿರಿಯುವುದಿಲ್ಲವೆ? ಅದು ಚುನಾವಣೆಯ ವರ್ಷ. ಬರವೇ ಸರ್ಕಾರದ ಕಟ್ಟುಕಥೆ, ಪರಿಹಾರವೆಲ್ಲ ದಂಡ ಎಂಬವರೆಗೆ ವಿರೋಧಿ ಪತ್ರಿಕೆಗಳು ಎಳೆದವು.

ಬರ ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. 1936 ಆ ಸೀಮೆಯ ಅತಿ ಕೆಟ್ಟ ಬರದ ವರ್ಷಗಳಲ್ಲಿ ಒಂದು. ನಿಜವಾಗಿ ಬಳಲುತ್ತಿದ್ದ ಸಾವಿರಾರು ರೈತರ ಮಾತಿಗೆ ಬೆಲೆಯಿಲ್ಲದಂತೆ ಮಾಡಲು ಹತ್ತು ಅಡಿ ಸರಿಸಿದ ಒಂದು ಬುರುಡೆ ಸಾಕಾಯಿತು. ನೆರೆಯಲ್ಲಿ ಒಂದು ಎಕರೆ ಹಾಳಾದವನು ಪಕ್ಕದ ಹೊಲದ ಚಿತ್ರವನ್ನೂ ಸೇರಿಸಿ ಎರಡು ಎಕರೆ ತೋರಿಸಿದರೆ, ಮೊದಲು ಹೋಗುವುದು ಆ ಒಂದು ಎಕರೆಯ ಮಾತೇ. ಇಡೀ ಊರಿನ ಅರ್ಜಿಗಳ ಮೇಲೆ ಸಂಶಯ ಬರುವುದು ಅದರ ಮುಂದಿನ ಹೆಜ್ಜೆ.

ಅದೇ ರಾತ್‌ಸ್ಟೀನ್ ಹಿಂದಿನ ತಿಂಗಳು ಓಕ್ಲಹೋಮಾದ ಸಿಮರಾನ್ ಕೌಂಟಿಯಲ್ಲಿ ತೆಗೆದ ಚಿತ್ರವೊಂದು ಜಗತ್ತಿನಾದ್ಯಂತ ಹೆಸರಾಯಿತು. ರೈತನೊಬ್ಬ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಧೂಳಿನ ಗಾಳಿಗೆದುರಾಗಿ, ಮಣ್ಣಿನಲ್ಲಿ ಹೂತುಹೋದ ಕೊಟ್ಟಿಗೆಯ ಕಡೆಗೆ ನಡೆಯುತ್ತಿದ್ದಾನೆ. ಕಿರಿಯವನು ಹಿಂದೆ ಬೀಳುವಂತೆ, ತಂದೆ ಮುಂದಕ್ಕೆ ಬಾಗುವಂತೆ ತಾನೇ ಹೇಳಿದೆನೆಂದು ರಾತ್‌ಸ್ಟೀನ್ 1940ರ ದಶಕದ ಲೇಖನವೊಂದರಲ್ಲಿ ಬರೆದರು. ಮುಂದೆ ಅದನ್ನು ಬೇರೆ ರೀತಿಯಾಗಿ ಹೇಳಿದರು. ಚಿತ್ರ ದೊಡ್ಡದೇ, ಆದರೆ ಈ ತಕರಾರು ಅದರ ಬೆನ್ನು ಬಿಟ್ಟಿಲ್ಲ.

ಹೆಸರು ಕೇಳದೆ ಹೋದದ್ದು

ಇನ್ನೊಂದು ಪ್ರಸಂಗ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ನಡೆದದ್ದು. 1936ರ ಮಾರ್ಚ್. ಕೊರೆಯುವ ಮಳೆಗೆ ಬಟಾಣಿ ಬೆಳೆ ನಾಶವಾಗಿ, ಕಾಯಿ ಬಿಡಿಸಲು ಬಂದ ಕೂಲಿಗಳು ಬಿಡಾರದಲ್ಲಿ ಹಸಿದು ಕೂತಿದ್ದರು. ತಿಂಗಳ ತಿರುಗಾಟ ಮುಗಿಸಿ ಮನೆಗೆ ಹೊರಟಿದ್ದ ಡೊರೋಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಬಿಡಾರದ ಫಲಕ ನೋಡಿಯೂ ಮುಂದೆ ಹೋಗಿ, ಸುಮಾರು ಇಪ್ಪತ್ತು ಮೈಲಿ ದಾಟಿದ ಮೇಲೆ ಮನಸ್ಸು ತಡೆಯದೆ ಹಿಂದಿರುಗಿದರು. ಡೇರೆಯ ಬಾಯಲ್ಲಿ ಮಕ್ಕಳನ್ನು ತಬ್ಬಿ ಕೂತ 32 ವರ್ಷದ ತಾಯಿಯ ಕೆಲವು ಚಿತ್ರಗಳನ್ನು ತೆಗೆದರು. ಹೆಸರು ಕೇಳಲಿಲ್ಲ. ಚಿತ್ರ ಸ್ಯಾನ್‌ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಬಂದೊಡನೆ ಸುಮಾರು 20,000 ಪೌಂಡ್ ಆಹಾರ ಆ ಬಿಡಾರಕ್ಕೆ ಹೋಯಿತು. ಹಸಿದವರ ಹೊಟ್ಟೆ ತುಂಬಿತು, ಇದು ಸಣ್ಣ ಮಾತಲ್ಲ. ಆದರೆ ಅಷ್ಟರಲ್ಲಿ ಆ ತಾಯಿ ಮಕ್ಕಳೊಂದಿಗೆ ಬೇರೆ ಊರಿಗೆ ಹೋಗಿಯಾಗಿತ್ತು.

ಆಕೆ ಫ್ಲಾರೆನ್ಸ್ ಥಾಂಪ್ಸನ್, ಚೆರೊಕೀ ಬುಡಕಟ್ಟಿನ ರಕ್ತದವರು ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಧೂಳಿಗೆ ಹೆದರಿ ಓಡಿಬಂದ ಹೆಂಗಸೆಂದು ಜನ ಭಾವಿಸಿದ್ದರು. ಅವರು ಧೂಳು ಏಳುವ ಮೊದಲೇ, 1920ರ ದಶಕದಲ್ಲೇ, ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದವರು. ಹೊಟ್ಟೆಗಾಗಿ ಕಾರಿನ ಚಕ್ರದ ಟೈರುಗಳನ್ನು ಮಾರಿದ್ದರು ಎಂದು ಲ್ಯಾಂಗ್ ಬರೆದದ್ದನ್ನು ಆ ಕುಟುಂಬದವರು ಒಪ್ಪಲಿಲ್ಲ. ಕೆಟ್ಟ ಕಾರನ್ನು ರಿಪೇರಿ ಮಾಡಿಸುವ ತನಕ ತಾವು ಅಲ್ಲಿ ತಂಗಿದ್ದುದಾಗಿ ಹೇಳಿದರು. ತನ್ನ ಮುಖ ಲೋಕವೆಲ್ಲ ತಿರುಗಿದರೂ ತನಗೆ ಒಂದು ಕಾಸೂ ಬರಲಿಲ್ಲವೆಂಬ ನೋವು ಆ ತಾಯಿಗೆ ಕೊನೆಯವರೆಗೂ ಇತ್ತು. ಲ್ಯಾಂಗ್ ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಬೇರೆಡೆ ಅವರೂ ಅವರ ಪತಿ, ಕೃಷಿ ಅರ್ಥಶಾಸ್ತ್ರಜ್ಞ ಪಾಲ್ ಟೇಲರ್ ಅವರೂ ವಲಸಿಗರ ಮಾತನ್ನು ಆಡಿದ ಹಾಗೆಯೇ ಬರೆದುಕೊಂಡವರು. ಅವರ ವರದಿಗಳಿಂದಲೇ ಕ್ಯಾಲಿಫೋರ್ನಿಯಾದಲ್ಲಿ ಕೂಲಿಗಳಿಗೆ ಸರ್ಕಾರಿ ಶಿಬಿರಗಳು ಬಂದವು. ಆ ಒಂದು ದಿನ ಮಾತ್ರ ಪುಸ್ತಕ ತೆರೆಯಲಿಲ್ಲ.

ನಮ್ಮ ಕಡೆಯೂ ಇದಕ್ಕಿಂತ ಕಠೋರವಾದ ಉದಾಹರಣೆ ಇದೆ. 1876–78ರ ಮಹಾ ಕ್ಷಾಮದಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಹೂಪರ್ ಎಂಬಾತ ಎಲುಬಿನ ಹಂದರವಾಗಿದ್ದ ಜನರನ್ನು ಗುಂಪಾಗಿ ಕೂರಿಸಿ ಚಿತ್ರ ತೆಗೆದ. ಅದೇ ಕ್ಷಾಮ ಬಳ್ಳಾರಿಯನ್ನೂ ಮೈಸೂರು ಸಂಸ್ಥಾನವನ್ನೂ ತಿಂದುಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಹೂಪರನ ಚಿತ್ರಗಳಲ್ಲಿ ಕೂತವರಿಗೆ ಹೆಸರಿಲ್ಲ. ಅವರು ಯಾವ ಬೆಳೆ ಬೆಳೆಯುತ್ತಿದ್ದರು, ಬದುಕಿ ಉಳಿದವರು ಏನು ತಿಂದು ಉಳಿದರು, ಮರು ಮಳೆಗೆ ಬೀಜ ಎಲ್ಲಿಂದ ತಂದರು ಎಂಬ, ರೈತನಿಗೆ ಬೇಕಾದ ಒಂದು ಸಂಗತಿಯೂ ಅವುಗಳಲ್ಲಿ ಇಲ್ಲ.

ಪೈ ಟೌನ್ ಎಂಬ ಊರು

ಇನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದಾದ ಕೆಲಸಕ್ಕೆ ಬರೋಣ. ಟೆಕ್ಸಾಸ್, ಓಕ್ಲಹೋಮಾಗಳ ಧೂಳಿನ ಸೀಮೆ ಬಿಟ್ಟು ಬಂದ ಕೆಲವು ನೂರು ಕುಟುಂಬಗಳು ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಸುಮಾರು 8,000 ಅಡಿ ಎತ್ತರದ ಪೈ ಟೌನ್ ಎಂಬಲ್ಲಿ ನೆಲೆಸಿದ್ದವು. ಅಲ್ಲಿ ಮಾರುತ್ತಿದ್ದ ಸೇಬಿನ ಕಡುಬಿನಿಂದ ಊರಿಗೆ ಆ ಹೆಸರು. 1940ರಲ್ಲಿ ರಸೆಲ್ ಲೀ ಅಲ್ಲಿಗೆ ಹೋದರು. ಓದಿದ್ದು ರಸಾಯನ ಇಂಜಿನಿಯರಿಂಗ್, ಹಿಡಿದದ್ದು ಕ್ಯಾಮೆರಾ. ಜೊತೆಗೆ ಅವರ ಪತ್ನಿ ಜೀನ್ ಜನರೊಡನೆ ಮಾತನಾಡಿ ಟಿಪ್ಪಣಿ ಬರೆಯುತ್ತಿದ್ದರು. ದಂಪತಿಗಳು ಅವಸರಪಡದೆ ಊರಿನವರ ನಡುವೆ ತಂಗಿ ನೂರಾರು ಚಿತ್ರಗಳನ್ನು ತೆಗೆದರು. ಕೆಲವು ಬಣ್ಣದವೂ ಇವೆ.

ಆ ಚಿತ್ರಗಳಲ್ಲಿ ಧೂಳಿಲ್ಲ, ಬುರುಡೆಯಿಲ್ಲ. ಅರ್ಧ ನೆಲದೊಳಗೆ ತೋಡಿ ಮೇಲೆ ಮರದ ದಿಮ್ಮಿ ಪೇರಿಸಿದ ಮನೆ. ದಿಮ್ಮಿಗಳ ಮೂಲೆ ಕೂಡಿಸಿದ ಬಗೆಯೇ ಒಂದು ಚಿತ್ರ. ತೋಟದ ಕಾಯಿಪಲ್ಯಗಳನ್ನು ಗಾಜಿನ ಜಾಡಿಗಳಲ್ಲಿ ಚಳಿಗಾಲಕ್ಕೆ ತುಂಬಿಟ್ಟ ಗೃಹಿಣಿ ಅವುಗಳ ಪಕ್ಕ ನಿಂತಿದ್ದಾಳೆ. ಹುರುಳಿಕಾಯಿ ಜಾತಿಯ ಪಿಂಟೋ ಅವರೆ ಮತ್ತು ಮುಸುಕಿನ ಜೋಳದ ಹೊಲ. ಮನೆಯನ್ನೇ ಬಿಚ್ಚಿ, ದಿಮ್ಮಿಗಳನ್ನು ಹೊತ್ತೊಯ್ದು ಬೇರೆ ಜಾಗದಲ್ಲಿ ಮತ್ತೆ ಕಟ್ಟುತ್ತಿರುವ ಕುಟುಂಬ. ಇಡೀ ಊರು ಕೂಡಿ ಹಾಡುವ ದಿನ, ಉದ್ದನೆಯ ಮೇಜಿನ ಮೇಲೆ ಮನೆಮನೆಯಿಂದ ತಂದ ಊಟ. ಓದಬಲ್ಲವನಿಗೆ ಈ ಚಿತ್ರಗಳಲ್ಲಿ ಲೆಕ್ಕವೇ ಇದೆ: ಒಂದು ಸಂಸಾರ ಚಳಿಗಾಲಕ್ಕೆ ಏನೇನು ಕೂಡಿಟ್ಟುಕೊಳ್ಳುತ್ತದೆ, ಹಣ ಕೊಟ್ಟು ತಂದದ್ದೆಷ್ಟು, ಕೈಯಿಂದ ಮಾಡಿಕೊಂಡದ್ದೆಷ್ಟು, ಯಾರು ಯಾರಿಗೆ ಕೈ ಹಚ್ಚಿದರು. ಅವರು ಗೆದ್ದರೆಂದು ಹೇಳಲಾಗದು. ಮುಂದೆ ಮಳೆ ಮತ್ತೆ ಕೈಕೊಟ್ಟು, ಹಿಡುವಳಿ ಸಾಲದೆ ಬಹಳ ಮಂದಿ ಅಲ್ಲಿಂದಲೂ ಎದ್ದು ಹೋದರು. ಆದರೆ ಇದ್ದಷ್ಟು ಕಾಲ ಹೇಗೆ ಇದ್ದರೆಂಬುದು ಉಳಿದಿದೆ.

ಧೂಳಿನ ಸೀಮೆಯಲ್ಲೂ ಬಹುಪಾಲು ರೈತರು ಊರು ಬಿಡಲಿಲ್ಲ ಎಂಬುದು ಹಲವರಿಗೆ ತಿಳಿಯದು. ಆಳವಾದ ಸಾಲು ಹೊಡೆದು, ಇಳಿಜಾರಿಗೆ ಅಡ್ಡಲಾಗಿ ಉತ್ತು, ಹೊಲಕ್ಕೆ ಮತ್ತೆ ಹುಲ್ಲು ಹಚ್ಚಿ ನಿಂತರು. 1934ರಿಂದ 1942ರವರೆಗೆ ಅಲ್ಲಿ ಗಾಳಿತಡೆಗೆಂದೇ ಸುಮಾರು 22 ಕೋಟಿ ಗಿಡ ನೆಡಲಾಯಿತು. 1970ರ ದಶಕದಲ್ಲಿ ಬಿಲ್ ಗ್ಯಾಂಜೆಲ್ ಎಂಬವರು ಹಳೆಯ ಚಿತ್ರಗಳನ್ನು ಹಿಡಿದುಕೊಂಡು ಅದೇ ಜಾಗಗಳಿಗೆ, ಅದೇ ಜನರಲ್ಲಿಗೆ ಹೋದರು. ಧೂಳಿನಲ್ಲಿ ಹಿಂದೆ ಬಿದ್ದಿದ್ದ ಆ ಕಿರಿಯ ಹುಡುಗ ಬೆಳೆದು ಸಿಮರಾನ್ ಕೌಂಟಿಯಲ್ಲೇ ಬದುಕು ಕಟ್ಟಿಕೊಂಡಿದ್ದ. ಗ್ಯಾಂಜೆಲ್ ಅವರ ಪುಸ್ತಕ 1984ರಲ್ಲಿ ಹೊರಬಂತು. ಹಳೆಯ ಚಿತ್ರದ ಹಿಂದೆ ಊರೂ ತಿಂಗಳೂ ಬರೆದಿದ್ದರಿಂದಲೇ ಅವರಿಗೆ ಇದು ಸಾಧ್ಯವಾಯಿತು.

ನಮ್ಮ ಊರಿನಲ್ಲಿ ಮಾಡುವುದಾದರೆ

ಬೆಳೆ ವಿಮೆಗೆಂದು ತೆಗೆಯುವ ಚಿತ್ರ ಬೇರೆ, ಇದು ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ಸ್ಥಳೀಯ ವಿಕೋಪದಿಂದ ಬೆಳೆ ಹಾನಿಯಾದರೆ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ 72 ಗಂಟೆಯೊಳಗೆ ತಿಳಿಸಬೇಕು. ಆ ಚಿತ್ರ ಹಾನಿಯನ್ನು ತೋರಿಸಿದರೆ ಸಾಕು. ಅದನ್ನು ಮುಗಿಸಿದ ಮೇಲೆ ಫೋನನ್ನು ಒಳಗಿಡಬೇಡಿ. ಈ ಕೆಲಸ ಶುರುವಾಗುವುದೇ ಆಗ.

ನೀರು ಇಳಿದ ಮೇಲೆ ಒಂದು ಜಾಗ ಗೊತ್ತುಮಾಡಿಕೊಳ್ಳಿ. ಬದುವಿನ ಕಲ್ಲು, ಬಾವಿಯ ಕಟ್ಟೆ, ಬೇವಿನ ಮರದ ಬುಡ, ಹೀಗೆ ಅಲುಗದ ಗುರುತಿನ ಪಕ್ಕ ನಿಂತು, ಗುಡ್ಡವೋ ಗುಡಿಯ ಗೋಪುರವೋ ಹಿನ್ನೆಲೆಯಲ್ಲಿ ಬರುವಂತೆ ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ, ಮುಂದೆ ಬಿತ್ತನೆಗೆ, ಎಡೆ ಹೊಡೆಯುವಾಗ, ಕೊಯ್ಲಿಗೆ ಅದೇ ಕಲ್ಲಿನ ಪಕ್ಕ ನಿಂತು ಅದೇ ಕಡೆ ಮುಖಮಾಡಿ ತೆಗೆಯಬೇಕು. ಕೊರಕಲು, ಮರಳಿನ ದಿಬ್ಬಗಳ ಆಳ ಕಾಣಬೇಕಾದರೆ ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲು ಬೇಕು. ನಡುಹಗಲಿನಲ್ಲಿ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಲ್ಲಿ ಒಂದು ಗುದ್ದಲಿ ಊರಿ ನಿಲ್ಲಿಸಿದರೆ ಅಳತೆ ಸಿಗುತ್ತದೆ. ಕ್ಯಾಮೆರಾದ ಗಾಜಿಗೆ ಅಂಟಿದ ಕೆಸರನ್ನು ಒರೆಸಲು ಮರೆಯಬಾರದು. ನಮ್ಮ ಚಿತ್ರಗಳಲ್ಲಿ ಅರ್ಧ ಕೆಡುವುದು ಇದರಿಂದಲೇ.

ಸ್ಟ್ರೈಕರ್ ಅವರ ಹಾಗೆ ಪಟ್ಟಿಯೊಂದನ್ನು ಬರೆದಿಟ್ಟುಕೊಳ್ಳುವುದು ಉತ್ತಮ. ಕೃಷ್ಣೆಯ ದಂಡೆಯ ಊರಾದರೆ ಅದು ಹೀಗಿರಬಹುದು: ನೀರು ನಿಂತ ಗುರುತು ಗೋಡೆಯ ಮೇಲೆ ಎಷ್ಟೆತ್ತರ, ಮೊದಲ ಅಡಿಗೆ ಎಲ್ಲಿ ಆಯಿತು, ಒಲೆಗೆ ಏನು ಉರಿಸಿದರು, ದನಗಳಿಗೆ ಮೇವು ಯಾವ ಊರಿಂದ ಬಂತು, ಹಗೇವಿನ ಜೋಳ ತೆಗೆದಾಗ ಎಷ್ಟು ಉಳಿದಿತ್ತು, ಬೀಜಕ್ಕೆ ಯಾರ ಮನೆಗೆ ಹೋದರು, ಮೋಟಾರು ಬಿಚ್ಚಿ ಒಣಗಿಸಿದ್ದು, ಶಾಲೆ ಮತ್ತೆ ತೆರೆದ ದಿನ, ಮೊದಲ ಸಂತೆ. ಹೆಂಗಸರ ಕೆಲಸ ಇಂತಹ ಪಟ್ಟಿಗಳಿಂದ ಜಾರಿಹೋಗುವುದೇ ಹೆಚ್ಚು. ಕೌದಿ ಒಗೆದು ಒಣಹಾಕಿದವರು, ಕುಡಿಯುವ ನೀರು ಹೊತ್ತವರು, ರಾಡಿ ಬಳಿದವರು ಅವರೇ. ಆದ್ದರಿಂದ ಫೋನನ್ನು ಮನೆಯ ಹೆಣ್ಣುಮಕ್ಕಳ ಕೈಗೂ ಕೊಡುವುದು ಲೇಸು.

ಯಾರ ಮುಖವನ್ನಾದರೂ ತೆಗೆಯುವ ಮುನ್ನ ಕೇಳಬೇಕು. ಏಕೆ, ಯಾರಿಗೆ ತೋರಿಸಲು ಎಂಬುದನ್ನೂ ಹೇಳಬೇಕು. ಬೇಡವೆಂದರೆ ಅಲ್ಲಿಗೆ ಬಿಡಬೇಕು. ಪರಿಹಾರದ ಅಕ್ಕಿಗೆ ಕೈಯೊಡ್ಡಿ ನಿಂತವನ ಚಿತ್ರ ಅವನ ಮಗನ ಶಾಲೆಯವರೆಗೂ ಹೋಗುತ್ತದೆ. ಮರುದಿನ ಅವನೇ ಬದು ಕಟ್ಟುತ್ತಿರುವಾಗ ಹೋಗಿ ಕೇಳಿದರೆ ಸಂತೋಷದಿಂದ ನಿಂತಾನು. ಒಪ್ಪಿದವರ ಹೆಸರು, ಊರು, ದಿನಾಂಕ, ಅವರು ಆಡಿದ ಒಂದೆರಡು ಮಾತನ್ನು ಆಗಲೇ ಬರೆದುಕೊಳ್ಳಬೇಕು. ಸಂಜೆಗೆ ಬರೆದರಾಯಿತು ಎಂದವರು ಬರೆದದ್ದನ್ನು ನಾನು ಕಂಡಿಲ್ಲ, ನಾನೂ ಬರೆದಿಲ್ಲ. ಏನನ್ನಾದರೂ ಸರಿಸಿದ್ದರೆ, ಯಾರನ್ನಾದರೂ ನಿಲ್ಲಿಸಿ ತೆಗೆದಿದ್ದರೆ ಅದನ್ನೂ ಬರೆಯಬೇಕು. ನಿಲ್ಲಿಸಿ ತೆಗೆದದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು.

ಕೊನೆಯದಾಗಿ ಕಾಪಿಡುವ ವಿಚಾರ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ಅದರೊಳಗೆ ಅಡಗಿರುವ ದಿನಾಂಕ ಮತ್ತು ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಮೂಲ ಹಾಗೆಯೇ ಉಳಿಯುತ್ತದೆ. ಮೂಲ ಚಿತ್ರಗಳ ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಪೆನ್‌ಡ್ರೈವಿನಲ್ಲಿ ಇರಲಿ. ಒಂದೇ ಮನೆಯಲ್ಲಿಟ್ಟರೆ ಮುಂದಿನ ನೆರೆಗೆ ಎರಡೂ ನೆನೆಯುತ್ತವೆ. ಹತ್ತಿಪ್ಪತ್ತು ಮುಖ್ಯ ಚಿತ್ರಗಳನ್ನು ಕಾಗದಕ್ಕೆ ಮುದ್ರಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ವಿವರ ಬರೆದು, ಪಂಚಾಯತಿಯಲ್ಲೋ ಶಾಲೆಯಲ್ಲೋ ಎತ್ತರದ ಕಪಾಟಿನಲ್ಲಿ ಇಡಬಹುದು. ಶಾಯಿಯ ಪೆನ್ನು ಬೇಡ, ತೇವ ತಗುಲಿದರೆ ಶಾಯಿ ಹರಡುತ್ತದೆ.